ಪಕ್ಕದ ಮನೆಯ ಜಡ್ಡು

ನಾನು ರಾಯಚೂರಿನ ದವಾಖಾನೆಗೆ ನರ್ಸಾಗಿ ಸೇರಿದ ಎರಡನೆಯ ಬೇಸಿಗೆ ಇರಬೇಕು. ಯುದ್ಧ ನಡೆದಿತ್ತು; ಸಕ್ಕರೆ, ಸೀಮೆಎಣ್ಣೆ ಎರಡೂ ಕಣ್ಣಿಗೆ ಕಾಣದ ಕಾಲ. ಒಂದು ಬೆಳಿಗ್ಗೆ ನಮ್ಮ ಡಾಕ್ಟರ್ ಸಾಹೇಬರು ನನ್ನನ್ನೂ ಆಪಾನನ್ನೂ ಕರೆದು ಎದುರಿಗೆ ನಿಲ್ಲಿಸಿಕೊಂಡರು.

"ಇಲ್ಲಿಗೆ ಬಂದವರ ಜಡ್ಡು ನನಗ ಗೊತ್ತದ. ಬರಲಾರದವರದು ಗೊತ್ತಿಲ್ಲ. ನೀವು ಊರೂರಿಗೆ ಹೋಗ್ರಿ. ಮನಿಮನಿ ಹೊಕ್ಕು, ಯಾರಿಗೆ ಏನಾಗ್ಯದ, ಆ ಊರಿಗೆ ಏನು ಬೇಕು, ಎಲ್ಲಾ ತಿಳಕೊಂಡು ಬರ್ರಿ" ಎಂದರು. ಹೈದರಾಬಾದಿನಿಂದ ಹುಕುಂ ಬಂದಿತ್ತಂತೆ. ಆದರೆ ಸಾಹೇಬರ ತಲೆಯಲ್ಲಿ ಉತ್ತರ ಮೊದಲೇ ಸಿದ್ಧವಾಗಿತ್ತು. ನಾವು ಬಾಗಿಲು ದಾಟುವಾಗ ಹಿಂದಿನಿಂದ ಕೂಗಿ, "ಎಲ್ಲಾ ಕಡಿಗೂ ಚಳಿಜ್ವರನ ಇರ್ತದ. ಕ್ವಿನೈನ್ ಗುಳಿಗಿ ಎಷ್ಟು ಬೇಕಂತ ಅಂದಾಜು ಸಿಕ್ಕರ ಸಾಕು" ಎಂದರು.

ಆಪಾ ಅಂದರೆ ನಮ್ಮ ದೊಡ್ಡ ನರ್ಸು. ರಾಯಚೂರಿನವಳೇ, ಮುಸಲ್ಮಾನರ ಹೆಣ್ಣುಮಗಳು, ಐವತ್ತರ ಹತ್ತಿರದ ವಯಸ್ಸು. ಅಕ್ಕ ಎನ್ನುವ ಅರ್ಥದಲ್ಲಿ ಎಲ್ಲರೂ ಅವಳನ್ನು ಆಪಾ ಎನ್ನುತ್ತಿದ್ದೆವು. ಆಳು ಎತ್ತರ, ಮೈ ದಪ್ಪ. ನಕ್ಕರೆ ಶಬ್ದವೇ ಬರುತ್ತಿರಲಿಲ್ಲ, ಹೊಟ್ಟೆ ಮಾತ್ರ ಕುಣಿಯುತ್ತಿತ್ತು. ಅವಳ ಹೊಟ್ಟೆ ಕುಣಿಯಿತೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ವಾರ್ಡಿನಲ್ಲಿ ಎಲ್ಲರ ಲೆಕ್ಕ.

ನಾನೋ ಗುಡಿಯ ಸೇವೆ ಮಾಡಿಕೊಂಡಿದ್ದ ವೈಷ್ಣವರ ಮನೆಯ ಹುಡುಗಿ. ಗಂಡನ ಮುಖ ಸರಿಯಾಗಿ ನೆನಪಿನಲ್ಲಿ ನಿಲ್ಲುವ ಮೊದಲೇ ಅವನು ತೀರಿಕೊಂಡಿದ್ದ. ನಾನು ಮೂಲೆಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಲೇ ಮುದುಕಿಯಾಗುವುದು ಅಪ್ಪನಿಗೆ ಬೇಕಿರಲಿಲ್ಲ. ನರ್ಸ್ ತರಬೇತಿಗೆ ಹಾಕಿದರು. ಓಣಿಯ ಜನ ವರ್ಷಪೂರ್ತಿ ಮಾತಾಡಿಕೊಂಡರು. ಅಪ್ಪನಿಗೆ ಒಂದು ಕಿವಿ ಮಂದವಿತ್ತು. ಆ ವರ್ಷ ಎರಡನ್ನೂ ಮಂದ ಮಾಡಿಕೊಂಡುಬಿಟ್ಟರು.

ಊರೂರು ತಿರುಗಲು ಹೊರಟೆನೆಂದಾಗ ಅವ್ವ, "ಮನಿಮನಿ ಹೊಕ್ಕು ಬರಾಕ ನೀ ಜಡ್ಡು ಕೇಳಾಕ ಹೊಂಟೀಯೋ, ಹೆಣ್ಣು ಕೇಳಾಕ ಹೊಂಟೀಯೋ?" ಎಂದು ಗೊಣಗುತ್ತಲೇ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಟ್ಟಳು. ಆಪಾ ತನ್ನ ತಗಡಿನ ಪೆಟ್ಟಿಗೆಯಲ್ಲಿ ಅರಿವೆಪಟ್ಟಿ, ಟಿಂಚರು, ಗುಳಿಗೆಗಳ ಜೊತೆಗೆ ಒಂದು ದೊಡ್ಡ ಸೀಸೆ ಹರಳೆಣ್ಣೆ ಇಟ್ಟುಕೊಂಡಳು. ಇಷ್ಟು ಹರಳೆಣ್ಣೆ ಯಾಕೆ ಎಂದು ಕೇಳಿದ್ದಕ್ಕೆ ಅವಳ ಹೊಟ್ಟೆ ಸಣ್ಣಗೆ ಅಲುಗಿತು.

ಮೊದಲು ಹೋದದ್ದು ಮಾನ್ವಿಗೆ. ಆಗ ಪೆಟ್ರೋಲಿಗೂ ಬರ. ಇದ್ದಿಲು ಉರಿಸಿಕೊಂಡು ಓಡುವ ಬಸ್ಸು. ಏರು ಬಂದಲ್ಲೆಲ್ಲ ಗಂಡಸರು ಇಳಿದು ನೂಕಬೇಕು. ನಾವು ಮಸಿ ಮೆತ್ತಿದ ಮುಖದಲ್ಲಿ ಮಾನ್ವಿಯಲ್ಲಿ ಇಳಿಯುವ ಹೊತ್ತಿಗೆ ಊರಿಗೆ ನಮಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ಜಡ್ಡಿದ್ದವರ ಹೆಸರು ಬರೆದುಕೊಂಡು ಸರಕಾರದವರು ಸಕ್ಕರೆ ಚೀಟಿ ಕೊಡುತ್ತಾರಂತೆ! ಈ ಸುದ್ದಿ ಹುಟ್ಟಿಸಿದವರು ಯಾರೋ ದೇವರೇ ಬಲ್ಲ. ನಾವು ಹೊಕ್ಕ ಮೊದಲ ಓಣಿಯಲ್ಲಿ ನೆಟ್ಟಗೆ ನಿಂತ ಮನುಷ್ಯ ಒಬ್ಬನೂ ಇರಲಿಲ್ಲ. ಕೆಮ್ಮುವವರು, ನರಳುವವರು, ಗೋಡೆ ಹಿಡಿದುಕೊಂಡು ಬರುವವರು. ಒಬ್ಬ ಶೇಂಗಾ ವ್ಯಾಪಾರಿ, ದುಂಡಗೆ ಗುಡಾಣದ ಹಾಗಿದ್ದವನು, ನಮ್ಮನ್ನು ಮಂಚದ ಮೇಲೆ ಕೂಡಿಸಿ ದಯನೀಯವಾಗಿ ಹೇಳಿದ.

"ಏನ್ ಹೇಳಲ್ರೀ ಅಕ್ಕಾರ, ಮನ್ಯಾಗ ಇದ್ದೋರಿಗೆಲ್ಲಾ ನಿತ್ರಾಣ. ನನಗ ನಿತ್ರಾಣ, ಆಕಿಗೆ ನಿತ್ರಾಣ, ಮಕ್ಕಳಿಗೆ ನಿತ್ರಾಣ. ಮೊನ್ನಿಂದ ಎತ್ತಿಗೂ ನಿತ್ರಾಣ ಆಗ್ಯದ."

"ಎತ್ತಿಗೂ ಸಕ್ಕರಿ ಬೇಕೇನ್ರಿ?" ಎಂದಳು ಆಪಾ.

"ಒಂಚೂರು ಇದ್ರ..." ಎಂದವನನ್ನು ಹೆಂಡತಿ ತಿವಿದಳು.

ಆಗ ಆಪಾ ಪೆಟ್ಟಿಗೆ ತೆರೆದು ಹರಳೆಣ್ಣೆಯ ಸೀಸೆ ಹೊರಗೆ ತೆಗೆದಳು. "ನಿತ್ರಾಣಕ್ಕ ಮಿಕ್ಕಿದ್ದೆಲ್ಲಾ ಆಮ್ಯಾಲ. ಮೊದಲು ಹೊಟ್ಟಿ ಸ್ವಚ್ಛ ಆಗಬೇಕು. ಇಲ್ಲೇ, ನಮ್ಮ ಎದುರಿಗೇ ಕುಡೀಬೇಕು. ಬಾಯಿ ತೆಗೀರಿ ಮಾಲಕ್ರ." ನಿತ್ರಾಣ ಎಂದು ಓಣಿಗೆ ಕೇಳುವಂತೆ ಹೇಳಿಯಾಗಿತ್ತು, ಮರ್ಯಾದೆಯ ಪ್ರಶ್ನೆ. ವ್ಯಾಪಾರಿ ಕಣ್ಣು ಮುಚ್ಚಿಕೊಂಡು ನುಂಗಿದ. ಅವನ ಹೆಂಡತಿಗೆ ಅಷ್ಟರಲ್ಲೇ ಗುಣವಾಗಿತ್ತು. ಮಕ್ಕಳು ಮಾಳಿಗೆ ಹತ್ತಿ ಓಡಿದ ಚುರುಕು ನೋಡಿದರೆ ಅವರಿಗೆ ಜನ್ಮದಲ್ಲಿ ನಿತ್ರಾಣ ಬಂದಂತಿರಲಿಲ್ಲ.

ಸೀಸೆಯ ಸುದ್ದಿ ನಮಗಿಂತ ಮುಂದೆ ಓಡಿತು. ನಾವು ಹೋದ ಹಾಗೆಲ್ಲ ಓಣಿ ಚೇತರಿಸಿಕೊಳ್ಳುತ್ತ ಹೋಯಿತು. ಗೋಡೆ ಹಿಡಿದವರು ಗೋಡೆ ಬಿಟ್ಟರು. ಕೆಮ್ಮು ನಿಂತಿತು. ಕೊನೆಗೆ ಹರಳೆಣ್ಣೆಗೂ ಹೆದರದೆ ಬಾಯಿ ತೆರೆದು ನಿಂತವರು ಕೆಲವರೇ. ಕಣ್ಣಿಗೆ ಪೊರೆ ಬಂದ ಒಬ್ಬ ಮುದುಕ, ಹೆತ್ತ ಮೇಲೆ ಕಾಲು ಬಾತುಕೊಂಡೇ ಇದ್ದ ಒಬ್ಬ ಬಾಣಂತಿ, ಎದೆಗೂಡು ಒಳಕ್ಕೆ ಹೋಗಿದ್ದ ಒಂದು ಕೂಸು. ಆಪಾ ಸೀಸೆಯನ್ನು ಮುಚ್ಚಿಟ್ಟಳು. "ನೋಡಿಕೋ ಬೇಟಿ, ಖರೇ ಜಡ್ಡಿನವರು ಇವರು. ಇವರ ಹತ್ರ ಕುಂದರೋಣ" ಎಂದಳು. ಆ ಮಧ್ಯಾಹ್ನವೆಲ್ಲ ಅವಳ ಮುಖದಲ್ಲಿ ಚೇಷ್ಟೆಯ ಗುರುತೇ ಇರಲಿಲ್ಲ. ಬಾಣಂತಿಯನ್ನು ರಾಯಚೂರಿಗೆ ಕಳಿಸುವ ಬಸ್ಸಿನಲ್ಲಿ ತಾನೇ ಕೂಡಿಸಿ ಬಂದಳು.

ಅಲ್ಲಿಂದ ದೇವದುರ್ಗಕ್ಕೆ ಹೋಗಿ, ಬಂಡಿ ಹಿಡಿದು ಅರಕೇರಾ ದಾಟಿ ಇನ್ನೂ ಆಚೆಯ ಒಂದು ಹಳ್ಳಿಗೆ ಹೋದೆವು. ಆ ಹಳ್ಳಿಯ ಹೆಸರು ಬೇಡ. ಅಲ್ಲಿಯವರ ಮೊಮ್ಮಕ್ಕಳು ಈಗಲೂ ಜಗಳಕ್ಕೆ ಗಟ್ಟಿಗರು. ಮಾನ್ವಿಯ ಪಾಠ ಕಲಿತಿದ್ದ ನಾವು ಹರಳೆಣ್ಣೆಯ ಸೀಸೆಯನ್ನು ಮೇಲೆಯೇ ಇಟ್ಟುಕೊಂಡಿದ್ದೆವು. ಅದು ಅಲ್ಲಿ ಒಂದು ಹನಿಯೂ ಖರ್ಚಾಗಲಿಲ್ಲ. ಏಕೆಂದರೆ ಆ ಊರಿನಲ್ಲಿ ಯಾರಿಗೂ ಏನೂ ಆಗಿರಲಿಲ್ಲ.

"ಎಲ್ಲಾ ಆರಾಮ ಅದೀವ್ರೀ ಯವ್ವಾ."

"ನಮ್ಮ ಮನ್ಯಾಗ ಜಡ್ಡಂಬೋದ ಇಲ್ರೀ. ಕಲ್ಲಿದ್ದಂಗ ಅದೀವಿ."

"ಮುಂದಿನ ಮನಿಗಿ ಹೋಗ್ರಿ."

ಮುಂದಿನ ಮನೆಯವರೂ ಕಲ್ಲಿನ ಹಾಗೇ ಇದ್ದರು. ಒಳಗಿನ ಕತ್ತಲಲ್ಲಿ ಯಾರೋ ನರಳಿದ್ದು ಕೇಳಿ ಅದು ಯಾರು ಎಂದರೆ, "ಬೆಕ್ಕು" ಎಂದರು. ಊರ ನಡುವೆ ಗೌಡರ ಮನೆಯ ಕಟ್ಟೆ. ಕಟ್ಟೆಯ ಮೇಲೆ ದೊಡ್ಡ ಮೀಸೆಯ ಗೌಡರು ಕುಳಿತಿದ್ದರು. ಬಂಡೆಯ ಮೇಲೆ ರೊಟ್ಟಿ ಸುಡಬಹುದಾದ ರಾಯಚೂರು ಸೀಮೆಯ ಬಿಸಿಲು. ಗೌಡರು ಸೊಂಟದಿಂದ ಕೆಳಗೆ ಕರಿಕಂಬಳಿ ಹೊದ್ದುಕೊಂಡಿದ್ದರು. ಹಣೆಯಿಂದ ಬೆವರು ಮೀಸೆಗೆ, ಮೀಸೆಯಿಂದ ಅಂಗಿಗೆ ಇಳಿಯುತ್ತಿತ್ತು.

"ನಮ್ಮೂರ ನೀರು ಅಮೃತ ಇದ್ದಂಗರೀ" ಎಂದರು ಗೌಡರು. "ನಮ್ಮಪ್ಪ ಕಟ್ಟಿಸಿದ ಪಾವಟಿಗಿ ಬಾವಿ, ನೀರಿನ ತನಕ ಮೆಟ್ಟಲ ಅದಾವ. ಸುತ್ತ ಹತ್ತೂರಾಗ ಅಂಥಾದ್ದಿಲ್ಲ. ಆ ನೀರು ಕುಡಿದೋರಿಗೆ ಜಡ್ಡು ಎಲ್ಲಿಂದ ಬರ್ತದ? ನೀವು ಸುಮ್ಮನ ದಣಕೊಂಡು ಬಂದೀರಿ. ಮಜ್ಜಿಗಿ ಕುಡದು ಹೋಗ್ರಿ."

"ಕಂಬಳಿ ಯಾಕ್ರೀ ಗೌಡ್ರ, ಈ ಬಿಸಲಾಗ?" ಎಂದೆ ನಾನು.

"ಥಂಡಿ" ಎಂದರು ಗೌಡರು, ಬೆವರು ಒರೆಸಿಕೊಳ್ಳುತ್ತ.

ಸಂಜೆ ನಮಗೆ ಇಳಿಯಲು ಕೊಟ್ಟ ಚಾವಡಿಯಲ್ಲಿ ಅವಲಕ್ಕಿ ಕಲೆಸುತ್ತ ನಾನು ಆಪಾನ ಮೇಲೆ ಸಿಡುಕಿದೆ. ಒಂದು ಊರು ಪೂರ್ತಿ ಜಡ್ಡು ಎನ್ನುತ್ತದೆ, ಒಂದು ಊರು ಪೂರ್ತಿ ಆರಾಮ ಎನ್ನುತ್ತದೆ, ಸಾಹೇಬರಿಗೆ ಏನು ಹೇಳುವುದು? ಆಪಾ ರೊಟ್ಟಿ ಮುರಿಯುತ್ತ ಒಂದು ಮಾತು ಕೇಳಿದಳು.

"ನಿಮ್ಮ ಮನ್ಯಾಗ ಯಾರಿಗೆ ಏನು ಆಗ್ಯದ?"

"ಏನೂ ಇಲ್ಲ."

"ನಿಮ್ಮ ಬಾಜೂ ಮನ್ಯಾಗ?"

"ಅಯ್ಯ, ಅದನ್ನೇನು ಕೇಳ್ತೀ! ಆ ಮಾಮಿಗೆ ವಾಯು ಅಂತ, ಸೊಸಿಗೆ ಮೈಮ್ಯಾಲ ಬರ್ತದಂತ, ಅವರ ಅಳಿಯ ಏನಂದ್ರ..." ಎಂದು ಶುರು ಮಾಡಿದವಳು ಮಧ್ಯದಲ್ಲಿ ಆಪಾನ ಹೊಟ್ಟೆ ಕಡೆ ನೋಡಿದೆ. ಅದು ಕುಣಿಯತೊಡಗಿತ್ತು.

ಮರುದಿನ ಬೆಳಿಗ್ಗೆ ನಾವು ಮತ್ತೆ ಆ ಬೆಕ್ಕಿನ ಮನೆಗೇ ಹೋದೆವು. ಬಾಗಿಲಲ್ಲಿ ಒಬ್ಬ ಮುದುಕಿ ಜೋಳ ಕೇರುತ್ತಿದ್ದಳು. ನಿನ್ನೆ ಬೆಕ್ಕು ಎಂದವಳು ಅವಳೇ. ಆಪಾ ಅವಳ ಪಕ್ಕ ಉಸ್ಸೆಂದು ಕುಳಿತು, "ನಿಮ್ಮ ಮನೀದು ಕೇಳಾಕ ಬಂದಿಲ್ಲ ಯವ್ವಾ, ನೀವಂತೂ ಆರಾಮ ಅದೀರಿ. ಆ ಬಾಜೂ ಮನಿಯವರದು ನೋಡಿ ಪಾಪ ಅನ್ನಿಸ್ತು" ಎಂದಳು. ಅಷ್ಟೇ. ಮೊರ ಕೆಳಗಿಳಿಯಿತು.

"ನಿಮಗೂ ತಿಳೀತೇನು! ನಾ ಯಾರ ಮುಂದೂ ಹೇಳೋದಿಲ್ಲ ಮತ್ತ. ಅವರ ಹಿರೀಮಗಗ ಕಾಲಾಗ ನಾರು ಎದ್ದದ. ಬಿತ್ತಾಕ ಹದ ಮಾಡಬೇಕಂದ್ರ ಮನಷ್ಯಾ ಎದ್ದು ನಿಂದರಾಕ ಆಗವಲ್ದು. ಅವರತ್ತಿಗೂ ಹೋದ ವರ್ಷ ಎದ್ದಿತ್ತು. ಸೊಸಿಗೆ ಹೊತ್ತು ಮುಳುಗಿದ್ರ ಕಣ್ಣು ಕಾಣಂಗಿಲ್ಲ, ಗ್ವಾಡಿಗಿ ಹಾಯ್ತಾಳ."

ನಾರು ಎಂದರೆ ನಾರುಹುಣ್ಣು. ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಕಾಲಲ್ಲಿ ಬೊಬ್ಬೆ ಎದ್ದು ಒಡೆದು, ಅದರಿಂದ ಬಿಳಿಯ ದಾರದಂಥ ಹುಳ ತಲೆ ಹಾಕುತ್ತದೆ. ಕಡ್ಡಿಗೆ ಸುತ್ತಿ ಸುತ್ತಿ ದಿನಾ ಒಂದಿಷ್ಟೇ ಹೊರಗೆಳೆಯಬೇಕು. ಅವಸರಪಟ್ಟು ಎಳೆದರೆ ಒಳಗೇ ಹರಿದು ಕಾಲು ಕೊಳೆಯುತ್ತದೆ.

ಮುದುಕಿ ಹೇಳಿದ ಆ ಪಕ್ಕದ ಮನೆಗೆ ಹೋದೆವು. ಅಲ್ಲಿಯ ಸೊಸೆ ಬೆಕ್ಕಿನ ವಿಷಯ ಹೇಳಿದಳು. ನರಳಿದ್ದು ಮುದುಕಿಯ ಗಂಡ, ಎರಡೂ ಕಾಲಲ್ಲಿ ನಾರು. ಅದರಾಚೆ ಮನೆಯವರು ಈ ಸೊಸೆಯ ಮನೆಯವರ ಬಗ್ಗೆ ಅವಳೇ ಮರೆತದ್ದನ್ನೂ ಸೇರಿಸಿ ಹೇಳಿದರು. ಬಿಸಿಲು ನೆತ್ತಿಗೆ ಬರುವುದರೊಳಗೆ ಆ ಊರು ನಮ್ಮ ಮುಂದೆ ಅಂಗೈಯಂತೆ ಬಿಚ್ಚಿಕೊಂಡಿತ್ತು. ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು ಕೂಸು ಸೆಟೆದುಕೊಂಡು ಸತ್ತ ಮನೆ ಯಾವುದು, ಇರುಳುಗಣ್ಣು ಯಾರಿಗೆ, ಯಾರಿಗೆ ಬಸಿರು ನಿಲ್ಲುವುದಿಲ್ಲ, ಎಲ್ಲ. ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಒಬ್ಬರಿಗೆ ನಾರು. ಸಾಹೇಬರ ಚಳಿಜ್ವರದ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ.

ಮುಚ್ಚಿಟ್ಟದ್ದು ಯಾಕೆಂಬುದೂ ಹಾಗೇ ಹೊರಬಿತ್ತು. ಹಿಂದೆ ಯಾವನೋ ಒಬ್ಬ ಸರಕಾರದವನು ಕುದುರೆಯ ಮೇಲೆ ಬಂದು, ನಾರೆದ್ದ ಊರಿನ ಬಾವಿ ಮುಚ್ಚಿಸುತ್ತೇವೆಂದು ಗದರಿಸಿ ಹೋಗಿದ್ದನಂತೆ. ಇದ್ದ ಒಂದು ಸಿಹಿನೀರಿನ ಬಾವಿ ಹೋದರೆ ಹೆಂಗಸರು ಹಳ್ಳದವರೆಗೆ ಕೊಡ ಹೊರಬೇಕು. ಅದಕ್ಕೇ ಊರೆಲ್ಲ ಕೂಡಿ ಕಲ್ಲಾಗಿತ್ತು. ನನಗೆ ನಿನ್ನೆ ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು.

"ಗೌಡರ ಕಂಬಳಿ ಒಳಗ ಏನದ ಅಂತ ಎಲ್ಲಾರೂ ಹೇಳಿದ್ರು. ಆದ್ರ ನಾವು ನೋಡಬೇಕಲ್ಲ" ಎಂದಳು ಆಪಾ. "ಗಂಡಸಿನ ಕಂಬಳಿ ನಾ ಎಳಿಯಾಕ ಆಗ್ತದೇನು? ನೀ ಹೋಗಿ ಕಾಲು ಮುಟ್ಟಿ ನಮಸ್ಕಾರ ಮಾಡು."

ನಾನು ಕಟ್ಟೆಯ ಹತ್ತಿರ ಹೋದೆ. "ಊರಿಗೆ ಹೊಂಟೀವಿ ಗೌಡ್ರ, ಹಿರಿಯರು ಅದೀರಿ, ಆಶೀರ್ವಾದ ಮಾಡ್ರಿ" ಎಂದು ಬಗ್ಗಿದೆ.

ಗೌಡರು ಹಾವು ಕಂಡವರಂತೆ ಹಿಂದೆ ಸರಿದರು. "ಬ್ಯಾಡ ಬ್ಯಾಡ ಬ್ಯಾಡ! ನೀವು ನಿನ್ನಿ ಹೇಳಿದ್ರಲ್ಲ, ಗುಡಿ ಸೇವಾ ಮಾಡೋ ಮನಿಯವರಂತ. ನನ್ನ ಕಾಲು ಮುಟ್ಟಿದ್ರ ನನಗ ಪಾಪ ಬರ್ತದ."

"ವಯಸ್ಸಿನಾಗ ದೊಡ್ಡವರು ನೀವು. ಮುಟ್ಟಲಿಲ್ಲಂದ್ರ ನನಗ ಪಾಪ ಬರ್ತದ" ಎಂದೆ.

"ಈ ಕಡಿ ಕಾಲು ಮುಟ್ರಿ ಹಂಗಾದ್ರ. ಇದೊಂದು ಸಾಕು."

"ಒಂದ ಕಾಲಿಗೆ ಯಾರಾದ್ರೂ ನಮಸ್ಕಾರ ಮಾಡ್ತಾರೇನ್ರೀ ಗೌಡ್ರ?" ಎಂದಳು ಹಿಂದಿನಿಂದ ಆಪಾ, ಬಹಳ ವಿನಯದಿಂದ.

ಅಷ್ಟರಲ್ಲಿ ಒಳಗಿನಿಂದ ಗೌಡಸಾನಿ, ಗೌಡರ ಹೆಂಡತಿ, ಮಜ್ಜಿಗೆ ತಂಬಿಗೆ ಹಿಡಿದುಕೊಂಡು ಬಂದಳು. ಒಂದು ಕ್ಷಣ ನಮ್ಮ ಮೂವರನ್ನೂ ನೋಡಿದಳು. ಆಮೇಲೆ ತಂಬಿಗೆ ಕೆಳಗಿಟ್ಟು ಕಂಬಳಿಯನ್ನು ತಾನೇ ಎತ್ತಿ ಬದಿಗೆ ಹಾಕಿದಳು. "ಸಾಕು ಮಾಡ್ರಿ. ಕಂಬಳಿ ವಾಸನಿ ತಡಕೊಳ್ಳಾಕ ಆಗವಲ್ದು" ಎಂದಳು.

ಬಲಗಾಲ ಹಿಮ್ಮಡದ ಮೇಲೆ ಹುಣ್ಣು. ಅದರಿಂದ ಬಂದ ನಾರು ಜೋಳದ ದಂಟಿನ ಸಣ್ಣ ಕಡ್ಡಿಯೊಂದಕ್ಕೆ ಸುತ್ತಿತ್ತು. ಬೇವಿನ ಎಲೆ ಅರೆದು ಮೆತ್ತಿದ್ದರು. ಕಂಬಳಿಯ ಸೆಕೆಗೆ ಸುತ್ತಲೂ ಕೆಂಪಗೆ ಬಾತಿತ್ತು. ಆಪಾ ಚೇಷ್ಟೆ ಬಿಟ್ಟು ನೆಲಕ್ಕೆ ಕುಳಿತು, ಬಿಸಿನೀರು ಕೇಳಿ, ಒಂದು ತಾಸು ಅದನ್ನು ತೊಳೆದು ಶುಚಿ ಮಾಡಿ ಅರಿವೆಪಟ್ಟಿ ಕಟ್ಟಿದಳು. ಗೌಡರು ಹಲ್ಲು ಕಚ್ಚಿಕೊಂಡಿದ್ದರು. ಮುಗಿದ ಮೇಲೆ ಸಣ್ಣ ದನಿಯಲ್ಲಿ, "ಇದು ಯಾರಿಗೂ ಗೊತ್ತಾಗಬಾರದು" ಎಂದರು.

"ಯಾರಿಗೆ ಹೇಳಲ್ರೀ? ನನಗ ಹೇಳಿದವರ ಅವರು" ಎಂದಳು ಆಪಾ.

ಗೌಡರ ಮೀಸೆ ನೆಟ್ಟಗಾಯಿತು. "ಯಾರು ಹೇಳಿದ್ರು?"

"ನಿಮ್ಮ ಬಾಜೂ ಮನಿಯವರು. ಅವರ ಬಾಜೂ ಮನಿಯವರೂ ಹೇಳಿದ್ರು. ಅದರಾಚೀಯವರೂ."

"ಅವರ ಮನ್ಯಾಗ ಏನು ಕಡಿಮಿ ಅದ? ಅದನ್ನ ಯಾರು ಹೇಳಬೇಕು?"

"ಅದನ್ನ ನಿಮ್ಮ ಗೌಡಸಾನಿಯವರು ಹೇಳ್ಯಾರ್ರಿ."

ಗೌಡರು ಹೆಂಡತಿಯ ಕಡೆ ತಿರುಗಿದರು. ಗೌಡಸಾನಿ ಮಜ್ಜಿಗೆಯ ತಂಬಿಗೆ ನಮ್ಮ ಕಡೆ ಸರಿಸುತ್ತ, "ನಾ ಕೇಳಿದ್ದಕ್ಕಷ್ಟ ಹೇಳೀನಿ" ಎಂದು ಒಳಗೆ ಹೋದಳು.

ಈ ಮಾತು ಕಟ್ಟೆಯಿಂದ ಬಾವಿಗೆ ಇಳಿಯಲು ಎಷ್ಟು ಹೊತ್ತು ಬೇಕು? ಸಂಜೆ ನೀರಿಗೆ ಬಂದ ಹೆಂಗಸರು ಕೊಡ ಕೆಳಗಿಟ್ಟು ಸೆರಗು ಸಿಕ್ಕಿಸಿಕೊಂಡರು. ನಾವಿಬ್ಬರೂ ಅಲ್ಲಿಗೆ ಹೋಗುವಷ್ಟರಲ್ಲಿ ಪಾವಟಿಗೆಗಳ ಮೇಲೆ ಜಗಳ ಕಾವೇರಿತ್ತು.

"ನನ್ನ ಸೊಸಿ ಗ್ವಾಡಿಗಿ ಹಾಯ್ತಾಳಂತ ಹೇಳಿದಿಯಂತಲ್ಲ ಬೇ!"

"ಹಾಯೋದಿಲ್ಲೇನು? ನೀ ನನ್ನ ಗಂಡನ ಎರಡೂ ಕಾಲು ಎಣಿಸಿ ಹೇಳಿಸಿದಿಯಲ್ಲ!"

"ನಿನ್ನ ಮಗಳಿಗೆ ಮೂರು ಕೂಸು ಹೋಗ್ಯಾವಂತ ನಾ ಅಂದಿಲ್ಲ, ಆಕಿ ಅಂದಾಳ!"

"ಮೂರಲ್ಲ, ಎರಡ! ಮೂರನೇದು ತವರುಮನ್ಯಾಗ ಅದ, ಜೀವಂತ ಅದ!"

ಬಂಡಿ ಕಟ್ಟಿಸಿ ಓಡಿಹೋಗೋಣ ಎಂದು ಆಪಾನ ಕೈ ಜಗ್ಗಿದೆ. ಅವಳು ಮಾತ್ರ ಮೇಲಿನ ಪಾವಟಿಗೆಯ ಮೇಲೆ ಆರಾಮವಾಗಿ ಕುಳಿತುಬಿಟ್ಟಿದ್ದಳು. "ಸುಮ್ಮನ ಕೇಳು ಬೇಟಿ" ಎಂದಳು. "ಬೆಳಿಗ್ಗೆ ನಾವು ತಪ್ಪು ಕೇಳಿದ್ದೆಲ್ಲಾ ಈಗ ಸರಿ ಆಗಾಕತ್ತದ." ನಿಜವೇ. ಬೆಳಿಗ್ಗೆ ಪಕ್ಕದ ಮನೆಯವರು ಉಪ್ಪುಖಾರ ಹಚ್ಚಿ ಹೇಳಿದ್ದನ್ನೆಲ್ಲ ಈಗ ಆಯಾ ಮನೆಯವರೇ ಕೂಗಿ ಕೂಗಿ ತಿದ್ದುತ್ತಿದ್ದರು. ಸಾಹೇಬರಿಗೆ ಇದಕ್ಕಿಂತ ಖಚಿತವಾದ ಸಮಾಚಾರ ಯಾವ ಊರಿನಿಂದಲೂ ಹೋಗಿರಲಿಕ್ಕಿಲ್ಲ.

ಗಂಟಲು ಬತ್ತುವವರೆಗೆ ನಡೆದ ಮೇಲೆ ಜಗಳ ತಾನಾಗಿ ಇಳಿಯಿತು. ಮುಚ್ಚಿಡಲು ಯಾರ ಹತ್ತಿರವೂ ಏನೂ ಉಳಿದಿರಲಿಲ್ಲ. ಬೆಳಿಗ್ಗೆಯ ಆ ಮುದುಕಿ ಪಾವಟಿಗೆಯ ಮೇಲೆ ಕುಕ್ಕರಿಸಿ ಸೀರೆ ಒಂದಿಷ್ಟು ಮೇಲೆತ್ತಿ ತನ್ನ ಮೊಣಕಾಲಿನ ಕೆಳಗಿದ್ದ ಹಳೆಯ ಕಲೆಗಳನ್ನು ತೋರಿಸಿದಳು. "ನೋಡ್ರಿ, ಇದು ಲಗ್ನ ಆದ ವರ್ಷದ್ದು, ಇದು ಹಿರೀಮಗ ಹುಟ್ಟಿದಾಗಿಂದು" ಎಂದಳು. ಅದನ್ನು ನೋಡಿ ಇನ್ನೊಬ್ಬಳು ತನ್ನದನ್ನು ತೋರಿಸಿದಳು. ಆಮೇಲೆ ಯಾರ ನಾರು ಉದ್ದವಿತ್ತು ಎಂಬುದರ ಮೇಲೆ ಪೈಪೋಟಿ ಹತ್ತಿತು.

ಆಗ ಆಪಾ ಎದ್ದಳು. ಪೆಟ್ಟಿಗೆಯಿಂದ ಖಾಲಿ ಗಾಜಿನ ಸೀಸೆಯೊಂದನ್ನು ತೆಗೆದು ಬಾವಿಯ ನೀರು ತುಂಬಿಸಿ ಇಳಿಬಿಸಿಲಿಗೆ ಹಿಡಿದಳು. ಹೆಂಗಸರು ಮುತ್ತಿಕೊಂಡರು. ನೀರಿನಲ್ಲಿ ರವೆಗಿಂತ ಸಣ್ಣ ಬಿಳಿಚುಕ್ಕೆಗಳು ಜಿಗಿಜಿಗಿದು ಓಡಾಡುತ್ತಿದ್ದವು.

"ಯವ್ವಾ, ಕುಣಿಯಾಕತ್ತಾವಲ್ಲ!" ಎಂದಳು ಗೌಡಸಾನಿ. ಅವಳೂ ಬಂದು ನಿಂತಿದ್ದಳು.

"ಇವುಗಳ ಹೊಟ್ಟ್ಯಾಗ ನಾರಿನ ಮರಿ ಇರ್ತಾವ. ನೀರಿನ ಜೋಡಿ ನಿಮ್ಮ ಹೊಟ್ಟಿಗಿ ಹೋಗ್ತಾವ. ವರ್ಷಕ್ಕ ಬೆಳದು ಕಾಲಾಗ ಹೊರಗ ಬರ್ತಾವ. ಆ ಕಾಲು ನೀವು ಪಾವಟಿಗಿ ಇಳದು ನೀರಾಗ ಇಟ್ರಿ ಅಂದ್ರ ಮತ್ತ ಮರಿ ಹಾಕ್ತಾವ. ಬಾವಿ ಮುಚ್ಚೋದು ಬ್ಯಾಡ. ನೀರಾಗ ಕಾಲು ಇಡೋದು ಬ್ಯಾಡ. ಕುಡಿಯೋ ನೀರು ಎರಡು ಪದರಿನ ಅರಿವಿಯಾಗ ಸೋಸಿ ಕುಡೀರಿ."

ಬಾವಿ ಮುಚ್ಚುವುದಿಲ್ಲ ಎಂಬ ಮಾತು ಅವರ ಮೇಲೆ ನೀರು ಚಿಮುಕಿಸಿದ ಹಾಗೆ ಆಯಿತು. ಆದರೆ ಅರಿವೆ ಎಲ್ಲಿಯದು? ಯುದ್ಧದ ಕಾಲ; ಮೈಮೇಲಿನದ್ದಕ್ಕೇ ಬಟ್ಟೆ ಸಾಲದು. ಹರಕು ಸೀರೆಯಲ್ಲಿ ಹುಳ ಇಳಿದುಹೋಗುತ್ತದೆ ಎಂದು ಆಪಾ ಹೇಳಿಬಿಟ್ಟಿದ್ದಳು. ಎಲ್ಲರೂ ಯೋಚನೆಗೆ ಬಿದ್ದಾಗ ಗೌಡಸಾನಿ ಮನೆಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಗೌಡರ ರುಮಾಲು ಇತ್ತು. ಮದುವೆ ಮುಂಜಿಗೆ ಮಾತ್ರ ಸುತ್ತುವ, ಒತ್ತಾಗಿ ನೇಯ್ದ, ಮಾರುಗಟ್ಟಲೆ ಉದ್ದದ ಬಿಳಿಯ ರುಮಾಲು. ಹಿಂದೆಯೇ ಗೌಡರು ಕೋಲೂರಿಕೊಂಡು ಕುಂಟುತ್ತ, "ಅದು ನಮ್ಮ ಮಾವ ಕೊಟ್ಟಿದ್ದು! ಏ, ಅದು ಮಾವ ಕೊಟ್ಟಿದ್ದು!" ಎಂದು ಕೂಗುತ್ತ ಬರುತ್ತಿದ್ದರು.

"ನಮ್ಮಪ್ಪ ಕೊಟ್ಟಿದ್ದು. ನಾ ಹರೀತೀನಿ" ಎಂದು ಗೌಡಸಾನಿ ಪರ್ರನೆ ಹರಿದಳು. ಮನೆಗೊಂದು ತುಂಡು ಬಂತು. ಗೌಡರು ನೀರಿನ ಹತ್ತಿರ ಬರಬಾರದೆಂದು ಆಪಾ ಅವರನ್ನು ಮೇಲೆಯೇ ತಡೆದು ನಿಲ್ಲಿಸಿದ್ದಳು. ಅಲ್ಲಿಂದಲೇ ತಮ್ಮ ರುಮಾಲು ಊರೆಲ್ಲ ಹಂಚಿಹೋಗುವುದನ್ನು ನೋಡಿದರು.

ಇನ್ನು ಪಾವಟಿಗೆಯ ಮಾತು. ಇಳಿಯುವ ಮೆಟ್ಟಿಲು ಮುಚ್ಚಿ, ಬಾವಿಯ ಸುತ್ತ ಗೋಡೆ ಕಟ್ಟಿ, ಗಡಗಡಿ ಹಾಕಿ ಹಗ್ಗದಿಂದ ನೀರು ಸೇದಬೇಕೆಂದು ಆಪಾ ಹೇಳಿದ್ದಕ್ಕೆ ಗೌಡರು ಸುತಾರಾಂ ಒಪ್ಪಲಿಲ್ಲ. ಅಪ್ಪ ಕಟ್ಟಿಸಿದ ಪಾವಟಿಗೆ ಮುಚ್ಚುವುದೆಂದರೇನು? ಆಪಾ ವಾದ ಮಾಡಲಿಲ್ಲ. ಹೊರಡುವ ದಿನ ಬಂಡಿ ಹತ್ತುತ್ತ, "ಆಗಲ್ರಿ ಗೌಡ್ರ. ಮುಂದಿನೂರಿನ ಗೌಡರು ಗಡಗಡಿ ಹಾಕಸ್ತೀನಂತ ಕುಂತಾರ. ಅವರದ ಮೊದಲು ಆಗಲಿ" ಎಂದಳು. ಮುಂದಿನ ಊರಿನ ಗೌಡರನ್ನು ನಾವು ಆತನಕ ಕಣ್ಣಿಂದಲೂ ಕಂಡಿರಲಿಲ್ಲ. ಬಂಡಿಯಲ್ಲಿ ನಾನು ಅದನ್ನು ಹೇಳಿದ್ದಕ್ಕೆ ಆಪಾ, "ಅದಕ್ಕ ಬಡಬಡ ಹೋಗಬೇಕು" ಎಂದು ಬಂಡಿಯವನಿಗೆ ಎತ್ತು ಓಡಿಸಲು ಹೇಳಿದಳು. ಆ ಊರು ಮುಟ್ಟಿದ ಕೂಡಲೇ ಅಲ್ಲಿಯ ಗೌಡರಿಗೆ, ಹಿಂದಿನೂರಿನವರು ಗಡಗಡಿ ಹಾಕಿಸುತ್ತಿದ್ದಾರೆ ಎಂದು ಹೇಳಿದಳು. ಸಂಜೆಯೊಳಗೆ ಎರಡೂ ಮಾತು ನಿಜವಾದವು. ಎರಡೂ ಊರಿನ ಕಲ್ಲು ಒಡೆಯುವವರಿಗೆ ಆ ಬೇಸಿಗೆ ಬಿಡುವೇ ಸಿಗಲಿಲ್ಲವಂತೆ.

ರಾಯಚೂರಿಗೆ ಮರಳಿ ಡಾಕ್ಟರ್ ಸಾಹೇಬರಿಗೆ ಎಲ್ಲ ಒಪ್ಪಿಸಿದೆವು. ಅವರು ಮತ್ತೆ ಮತ್ತೆ, "ಚಳಿಜ್ವರ?" ಎಂದು ಕೇಳಿದರು. "ಅದೂ ಇರಬಹುದ್ರೀ ಸಾಹೇಬ್ರ, ಆದ್ರ ಯಾರ ಬಾಜೂ ಮನ್ಯಾಗೂ ಇರಲಿಲ್ಲ" ಎಂದಳು ಆಪಾ. ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಒಳ್ಳೆಯವರು, ಸೂಲಗಿತ್ತಿಯರಿಗೆ ಕುದಿಸಿದ ಕತ್ತರಿ, ಇರುಳುಗಣ್ಣಿನವರಿಗೆ ಮೀನೆಣ್ಣೆ, ನಾರಿನವರಿಗೆ ಅರಿವೆಪಟ್ಟಿ, ಇಷ್ಟು ಕಳಿಸಿಕೊಟ್ಟರು.

ಮರುವರ್ಷ ಬೇಸಿಗೆಗೆ ಮತ್ತೆ ಹೋದೆವು. ಹೋದ ವರ್ಷ ಕುಡಿದ ನೀರಿನ ನಾರು ಕೆಲವರಿಗೆ ಎದ್ದಿತ್ತು, ಆದರೆ ಊರಿನಲ್ಲಿ ನಡೆದಾಡುವವರೇ ಹೆಚ್ಚು. ಗೌಡರ ಕಟ್ಟೆಯ ಮೇಲೆ ಕಂಬಳಿ ಇರಲಿಲ್ಲ. ಬಾವಿಯ ಗಡಗಡಿ ದೂರದವರೆಗೆ ಕಿರ್‍ರೆನ್ನುತ್ತಿತ್ತು. ನಾವು ಹೆಮ್ಮೆಯಿಂದ ಅಲ್ಲಿಗೆ ಹೋದರೆ ಹೆಂಗಸರ ಮುಖ ಗಂಟಾಗಿತ್ತು.

"ನೀರು ಚಲೋ ಅದ. ಬಾವಿ ಚಲೋ ಇಲ್ಲ" ಎಂದಳು ಆ ಮುದುಕಿ.

"ಯಾಕ ಯವ್ವಾ?"

"ಪಾವಟಿಗಿ ಮುಚ್ಚಿಸಿದ್ರಿ. ಕುಂದರೋದೆಲ್ಲಿ? ಬರೋದು, ಸೇದೋದು, ಹೋಗೋದು. ಒಬ್ಬರ ಮುಖ ಒಬ್ಬರು ನೋಡಿ ವರ್ಷಾತು. ಮನ್ಯಾಗ ಅತ್ತಿ ಅದಾಳ, ಹೊಲದಾಗ ಗಂಡ ಅದಾನ. ಮಾತಾಡೋದೆಲ್ಲಿ?"

ಆಪಾ ನನ್ನ ಮುಖ ನೋಡಿದಳು. ಅವಳೇ ಹೀಗೆ ಪೇಚಿಗೆ ಬಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ಊರಿಗೆ ಏನು ಬೇಕು ಎಂದು ಅಷ್ಟೆಲ್ಲ ಕೇಳಿದ್ದೆವು, ಇದು ನಮ್ಮ ಲೆಕ್ಕಕ್ಕೇ ಬಂದಿರಲಿಲ್ಲ. ಬಾವಿಯ ಪಕ್ಕದ ಬೇವಿನಮರದ ಕೆಳಗೆ ಕಲ್ಲಿನ ಕಟ್ಟೆ ಹಾಕಿಸಿಕೊಡಿ ಎಂದು ಗೌಡರನ್ನು ಕೇಳಿದರೆ ಅವರು, "ಅಲ್ಲಿ ಕುಂತು ನನ್ನ ಸುದ್ದಿ ಮಾತಾಡಾಕೇನು? ನಾ ಕಲ್ಲು ಕೊಡಂಗಿಲ್ಲ" ಎಂದರು.

ಗೌಡಸಾನಿ ಕಲ್ಲು ಕೇಳಲಿಲ್ಲ. ಪಾವಟಿಗೆ ಮುಚ್ಚಿದಾಗ ಕಿತ್ತ ಮೇಲಿನ ಚಪ್ಪಡಿಗಳು ಗೌಡರ ಹಿತ್ತಲಲ್ಲಿ ಬಿದ್ದಿದ್ದವು. ಗೌಡರು ದೇವದುರ್ಗದ ಸಂತೆಗೆ ಹೋದ ದಿನ ಹೆಂಗಸರೆಲ್ಲ ಕೂಡಿ ಅವನ್ನು ಉರುಳಿಸಿಕೊಂಡು ಹೋಗಿ ಬೇವಿನಮರದ ಕೆಳಗೆ ಹಾಕಿದರು. ನಾನೂ ಒಂದು ಕೈ ಹಚ್ಚಿದೆ. ಆಪಾ ಸೊಂಟ ಹಿಡಿದುಕೊಂಡು ನಿಂತು ಎಲ್ಲರಿಗೂ ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಿದ್ದಳು.

ಅಂದು ಮಧ್ಯಾಹ್ನ ನಾವು ಹೊರಡಬೇಕಿತ್ತು. ಬಂಡಿಯವನು ಊರಬಾಗಿಲ ಅಗಸಿಯಲ್ಲಿ ಕಾಯುತ್ತಿದ್ದ. ಹೆಂಗಸರು ಹೊಸ ಕಟ್ಟೆಯ ಮೇಲೆ ಒಂದು ಗಳಿಗೆ ಕುಂತು ಹೋಗ್ರಿ ಎಂದರು. ಕುಳಿತೆವು. ಒಬ್ಬಳು ತನ್ನ ಎದೆಯಲ್ಲಿ ಗಂಟಿದೆ, ನೋಡ್ರಿ ಎಂದಳು. ಯಾರೂ ಕೇಳದೆ, ತಾನಾಗಿ, ತನ್ನದನ್ನು. ಅವಳು ಮುಗಿಸುವಷ್ಟರಲ್ಲಿ ಇನ್ನೊಬ್ಬಳು ಮುಂದೆ ಸರಿದಳು. ಅವಳ ಹಿಂದೆ ಮತ್ತೊಬ್ಬಳು, ಮಗಳನ್ನು ಕೈಹಿಡಿದು ಎಳೆದುಕೊಂಡು. ಆಪಾ ಪೆಟ್ಟಿಗೆ ಮತ್ತೆ ಬಿಚ್ಚಿದಳು. ನೆರಳು ಮರದ ಈಚೆಯಿಂದ ಆಚೆಗೆ ತಿರುಗಿತು. ಬಂಡಿಯವನು ಎರಡು ಸಲ ಬಂದು ನೋಡಿ, ಮೂರನೆಯ ಸಲ ಬರದೆ ಹೊರಟೇಹೋದ. ಎಲ್ಲರದೂ ಮುಗಿದಾಗ ಬಿಸಿಲು ತಣ್ಣಗಾಗತೊಡಗಿತ್ತು.

ಅರಕೇರಾದವರೆಗೆ ನಡೆದೇ ಹೋಗಬೇಕಾಯಿತು. ಪೆಟ್ಟಿಗೆಯ ಒಂದು ಹಿಡಿ ನನ್ನ ಕೈಯಲ್ಲಿ, ಇನ್ನೊಂದು ಆಪಾನ ಕೈಯಲ್ಲಿ. ದಾರಿಯುದ್ದಕ್ಕೂ ಅವಳು ಏದುಸಿರು ಬಿಡುತ್ತ ಆ ಊರಿನವರನ್ನು ಬೈಯುತ್ತಲೇ ಬಂದಳು. "ಹೋದ ವರ್ಷ ಚಲೋ ಇತ್ತು ನೋಡು. ಯಾರೂ ಏನೂ ಹೇಳತಿರಲಿಲ್ಲ, ಬಂಡಿ ಹೊತ್ತಿಗೆ ಸರಿಯಾಗಿ ಸಿಗತಿತ್ತು" ಎಂದಳು. ತಿರುಗಿ ನೋಡಿದೆ. ಆ ದಣಿವಿನಲ್ಲೂ ಅವಳ ಹೊಟ್ಟೆ ಕುಣಿಯುತ್ತಿತ್ತು.